ಮುನಿದ ಮಗುವಿನ ಮುಂದೆ ಗುರು

ವಿದ್ಯೆಯೆಂದೊಡನೆ ನಮ್ಮ ದೃಷ್ಟಿಯು ಬುದ್ಧಿಯ ಕಡೆಗೆ ಹರಿಯುವುದು ಸಹಜ. ಅಕ್ಷರ, ಅಂಕಿ, ಮಗ್ಗಿ, ಪಾಠ, ಪರೀಕ್ಷೆ ಇವೆಲ್ಲವೂ ಬುದ್ಧಿಯ ವ್ಯವಹಾರಗಳು. ಆದರೆ ಶಾಲೆಯ ಹೊಸ್ತಿಲನ್ನು ದಾಟಿ ಒಳಗೆ ಬರುವ ಮಗುವು ಬುದ್ಧಿಯೊಂದನ್ನೇ ಹೊತ್ತು ತರುವುದಿಲ್ಲ. ಬೆಳಗ್ಗೆ ಮನೆಯಲ್ಲಿ ಕೇಳಿದ ಜಗಳ, ತಂಗಿಗೆ ದೊರೆತು ತನಗೆ ದೊರೆಯದ ಮುದ್ದು, ಮಾಡದೆ ಬಿಟ್ಟ ಲೆಕ್ಕದ ಅಂಜಿಕೆ, ನಿನ್ನೆ ಜೊತೆಗಾರನು ಆಡಿದ ಚುಚ್ಚುಮಾತು, ಇವೆಲ್ಲವನ್ನೂ ಪಾಟೀಚೀಲದೊಡನೆ ಹೊತ್ತು ತರುತ್ತದೆ. ಪಾಟೀಚೀಲದಲ್ಲಿರುವುದನ್ನು ನಾವು ತೆಗೆಸಿ ನೋಡುತ್ತೇವೆ. ಮನಸ್ಸಿನಲ್ಲಿರುವುದನ್ನು ನೋಡುವ ಪದ್ಧತಿ ನಮ್ಮಲ್ಲಿಲ್ಲ. ಅದು ಒಮ್ಮೆ ಸಿಟ್ಟಾಗಿ, ಒಮ್ಮೆ ಅಳುವಾಗಿ, ಒಮ್ಮೆ ಹಠವಾಗಿ ತರಗತಿಯ ನಡುವೆ ಚೆಲ್ಲಿದಾಗ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಬಿದ್ದೊಡನೆಯೇ ನಾವು ಅದಕ್ಕೆ ಅಪರಾಧವೆಂದು ಹೆಸರಿಡುತ್ತೇವೆ.

ಮಠಕ್ಕೆ ಬರುವ ತಂದೆತಾಯಂದಿರೂ ನಮ್ಮ ಶಾಲೆಗಳ ಶಿಕ್ಷಕರೂ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಪ್ರಸ್ತಾಪಿಸುವ ವಿಷಯವಿದು. “ಅಪ್ಪಾರ, ಹುಡುಗನ ಸಿಟ್ಟು ತಡ್ಯಾಕ ಆಗವಲ್ದು, ಏನರೆ ಮಂತ್ರಿಸಿ ಕೊಡ್ರಿ” ಎಂದು ಕೈಮುಗಿದು ನಿಲ್ಲುವ ತಾಯಂದಿರನ್ನು ಕಂಡಾಗ, ಆ ತಾಯಿಯ ಸೆರಗನ್ನು ಹಿಡಿದು ನೆಲವನ್ನೇ ನೋಡುತ್ತಿರುವ ಮಗುವಿನ ಕಡೆಗೆ ನಮ್ಮ ಮನಸ್ಸು ಹೋಗುತ್ತದೆ. ಏಳೆಂಟು ವರ್ಷದ ಮಗುವಿನ ಕೋಪವು ದೋಷವೇ? ದೋಷವಾದರೆ ಅದು ಯಾರ ದೋಷ? ಅದರ ಎದುರಿನಲ್ಲಿ ಗುರುವಿನ ಧರ್ಮವೇನು? ಈ ಮೂರು ಪ್ರಶ್ನೆಗಳನ್ನು ವಾಚಕರೊಡನೆ ಕೂಡಿ ವಿಚಾರಮಾಡಬೇಕೆಂಬುದು ಈ ಲೇಖನದ ಉದ್ದೇಶ.

ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರಗಳನ್ನು ಅರಿಷಡ್ವರ್ಗವೆಂದು ನಮ್ಮ ಹಿರಿಯರು ಕರೆದರು. ಅರಿ ಎಂದರೆ ವೈರಿ. ವೈರಿಯನ್ನು ಗೆಲ್ಲಬೇಕು ಎಂಬುದು ಸಾಧಕನಿಗೆ ಹೇಳಿದ ಮಾತು. ತನ್ನನ್ನು ತಾನು ಅರಿಯತೊಡಗಿದವನಿಗೆ, ವ್ರತವನ್ನು ಕೈಕೊಂಡವನಿಗೆ, ಗೆಲ್ಲುವ ಆಯುಧವನ್ನು ಗುರುವಿನಿಂದ ಪಡೆದವನಿಗೆ ಹೇಳಿದ ಮಾತು. ಅದನ್ನೇ ಎತ್ತಿಕೊಂಡು ಹೋಗಿ ಎರಡನೆಯ ಇಯತ್ತೆಯ ಮಗುವಿನ ತಲೆಯ ಮೇಲೆ ಇರಿಸಿದರೆ, ಆಯುಧವನ್ನು ಕೊಡದೆ ಯುದ್ಧಕ್ಕೆ ಕಳುಹಿದಂತಾಗುತ್ತದೆ. ನಮ್ಮ ಪರಂಪರೆಯಲ್ಲಿಯೇ ಇನ್ನೊಂದು ದೃಷ್ಟಿಯೂ ಉಂಟು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ಸ್ಥಾಯಿಭಾವಗಳನ್ನು ಎಣಿಸುವಾಗ ರತಿ, ಹಾಸ, ಉತ್ಸಾಹ, ವಿಸ್ಮಯಗಳ ಸಾಲಿನಲ್ಲಿಯೇ ಶೋಕ, ಕ್ರೋಧ, ಭಯ, ಜುಗುಪ್ಸೆಗಳನ್ನೂ ಕುಳ್ಳಿರಿಸಿದನು. ಅವು ಮನುಷ್ಯಮಾತ್ರರಲ್ಲಿ ನೆಲೆಯಾಗಿರುವ ಭಾವಗಳು. ಸಂಸ್ಕಾರ ದೊರೆತಾಗ ಅವೇ ರಸವಾಗುತ್ತವೆ. ಗ್ರೀಸಿನ ಅರಿಸ್ಟಾಟಲನು ಕೂಡ ತನ್ನ ನೀತಿಶಾಸ್ತ್ರದಲ್ಲಿ ಕೋಪವನ್ನು ಬೇರುಸಹಿತ ಕಿತ್ತೆಸೆಯಬೇಕೆಂದು ಹೇಳಲಿಲ್ಲ. ಅದಕ್ಕೊಂದು ಮಿತಿ ಇದೆಯೆಂದೂ, ಆ ಮಿತಿಯು ಬಾಲ್ಯದಿಂದ ಬಂದ ಅಭ್ಯಾಸದಿಂದ ಸಿದ್ಧಿಸುವುದೆಂದೂ ಹೇಳಿದನು. ಹಾಗಾದರೆ ಅಭ್ಯಾಸ ಮಾಡಿಸುವವರು ಯಾರು ಎಂಬ ಪ್ರಶ್ನೆಯು ಉಳಿಯುತ್ತದೆ.

ನಮ್ಮ ಸಮಾಜದ ಒಂದು ಆಚಾರವನ್ನೇ ನೋಡೋಣ. ತೊಟ್ಟಿಲ ಕೂಸಿಗೆ ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮಲ್ಲಿದೆ. ಕೂಸು ಅಳುವುದನ್ನು ಬಿಟ್ಟ ಮೇಲೆ, ಹಠವನ್ನು ತೊರೆದ ಮೇಲೆ, ಕೋಪವನ್ನು ಗೆದ್ದ ಮೇಲೆ ಲಿಂಗವನ್ನು ಕಟ್ಟುತ್ತೇವೆಂದು ಯಾವ ಗುರುವೂ ಹೇಳಿದುದಿಲ್ಲ. ಅಳುವ ಕೂಸಿಗೇ ಕಟ್ಟುತ್ತೇವೆ. ಕಟ್ಟಿದ ಮೇಲೆಯೂ ಅದು ಅಳುತ್ತದೆ. ಮೊದಲು ಯೋಗ್ಯತೆ, ಆಮೇಲೆ ಆದರ ಎಂಬ ಲೆಕ್ಕವನ್ನು ಶರಣಧರ್ಮವು ಮಗುವಿನ ವಿಷಯದಲ್ಲಿ ಇಟ್ಟುಕೊಂಡಿಲ್ಲ. ಷಟ್‌ಸ್ಥಲದ ಮಾರ್ಗವೂ ಇದನ್ನೇ ತಿಳಿಸುತ್ತದೆ. ಭಕ್ತಸ್ಥಲದಲ್ಲಿರುವವನಿಂದ ಐಕ್ಯಸ್ಥಲದ ಸಮರಸವನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಮೂವತ್ತು ವರ್ಷ ಪೂಜೆ ಮಾಡಿಯೂ ನಮಗೆ ಸಾಧ್ಯವಾಗದ ಶಾಂತಿಯನ್ನು ನಾವು ಏಳು ವರ್ಷದ ಮಗುವಿನಿಂದ ಬೆಳಗಿನ ಮೊದಲ ಪಿರಿಯಡ್ಡಿನಲ್ಲಿಯೇ ಕೇಳುತ್ತೇವೆ.

ಆಧುನಿಕ ಶರೀರವಿಜ್ಞಾನವೂ ಈ ಮಾತಿಗೆ ಬೆಂಬಲವಾಗಿ ನಿಂತಿದೆ. ಆವೇಗವನ್ನು ತಡೆಯುವ, ಮುಂದಿನ ಫಲವನ್ನು ಯೋಚಿಸುವ ಕಾರ್ಯದಲ್ಲಿ ಪ್ರಧಾನವಾದ ಮೆದುಳಿನ ಮುಂಭಾಗವು ಇಪ್ಪತ್ತರ ನಡುಪ್ರಾಯದವರೆಗೂ ಪಕ್ವವಾಗುತ್ತಲೇ ಇರುತ್ತದೆ. ಭಯ ಕೋಪಗಳನ್ನು ಎಬ್ಬಿಸುವ ಭಾಗಗಳಾದರೋ ಬಹಳ ಮೊದಲೇ ಕೆಲಸಕ್ಕೆ ತೊಡಗಿರುತ್ತವೆ. ಎಂದರೆ, ಮಗುವಿನ ಗಾಡಿಗೆ ಎತ್ತುಗಳನ್ನು ಹೂಡಿ ಆಗಿದೆ, ಹಗ್ಗ ಹಿಡಿಯುವ ಕೈ ಇನ್ನೂ ಬಲಿತಿಲ್ಲ. ಅಲ್ಲಿಯವರೆಗೆ ಆ ಹಗ್ಗವನ್ನು ಮಗುವಿನ ಕೈಯ ಮೇಲೆ ಕೈಯಿಟ್ಟು ಹಿಡಿಯಬೇಕಾದವರು ಮನೆಯಲ್ಲಿ ತಂದೆತಾಯಿಗಳು, ಶಾಲೆಯಲ್ಲಿ ಗುರುಗಳು. ಮಗುವು ತನ್ನಲ್ಲಿಲ್ಲದ ಸಮಾಧಾನವನ್ನು ಹತ್ತಿರದಲ್ಲಿರುವ ಹಿರಿಯರಿಂದ ಎರವಲು ಪಡೆಯುತ್ತದೆ. ಹಿರಿಯರಲ್ಲಿಯೂ ಅದು ಇಲ್ಲವಾದರೆ ಮಗುವಿಗೆ ಸಾಲ ಕೊಡುವವರಾರು?

ಇಲ್ಲಿ ನಮ್ಮದೇ ಒಂದು ತಪ್ಪನ್ನು ವಾಚಕರ ಮುಂದೆ ಇಡುವುದು ಅಗತ್ಯವೆಂದು ಭಾವಿಸುತ್ತೇವೆ. ಇದು ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಮಾತು. ಶಾಸ್ತ್ರಾಧ್ಯಯನವನ್ನೂ ವಿಶ್ವವಿದ್ಯಾನಿಲಯದ ತತ್ತ್ವಶಾಸ್ತ್ರದ ಪದವಿಯನ್ನೂ ಮುಗಿಸಿಕೊಂಡು ಬಂದ ಹೊಸದರಲ್ಲಿ ಮಠದ ಪ್ರಾಥಮಿಕ ಶಾಲೆಯ ಮೇಲ್ವಿಚಾರಣೆಯು ನಮ್ಮ ಪಾಲಿಗೆ ಬಂದಿತ್ತು. ಪ್ರಸಾದನಿಲಯದಲ್ಲಿದ್ದ ಮೂರನೆಯ ಇಯತ್ತೆಯ ಬಾಲಕನೊಬ್ಬನು ಒಂದು ದಿನ ತರಗತಿಯಲ್ಲಿ ತನ್ನ ಪಾಟಿಯನ್ನು ಎಸೆದನು. ಅದು ಜೊತೆಗಾರನ ಹಣೆಗೆ ತಗಲಿ ರಕ್ತ ಬಂತು. ಶಿಕ್ಷಕರು ಅವನ ರಟ್ಟೆ ಹಿಡಿದು ನಮ್ಮೆದುರು ತಂದು ನಿಲ್ಲಿಸಿದರು. ನಾವು ಹೊಡೆಯಲಿಲ್ಲ, ಬೈಯಲೂ ಇಲ್ಲ. ಅದಕ್ಕಾಗಿ ಮನಸ್ಸಿನಲ್ಲಿಯೇ ನಮ್ಮನ್ನು ಮೆಚ್ಚಿಕೊಂಡೆವೆಂಬುದನ್ನು ಈಗ ಒಪ್ಪಿಕೊಳ್ಳಬೇಕು. ಮರುದಿನದ ಪ್ರಾರ್ಥನೆಯಲ್ಲಿ ಅವನನ್ನು ಎಲ್ಲ ಮಕ್ಕಳ ಎದುರಿಗೆ ನಿಲ್ಲಿಸಿ, ಕೋಪವನ್ನು ಕುರಿತ ಬಸವಣ್ಣನವರ ವಚನವನ್ನು ಹನ್ನೊಂದು ಸಲ ಹೇಳಿಸಿದೆವು. ಬಾಲಕನು ಒಂದಕ್ಷರವೂ ತಪ್ಪದೆ ಹನ್ನೊಂದು ಸಲ ಹೇಳಿದನು. ಅಂದಿನ ಸಂಜೆಯ ಪ್ರವಚನದಲ್ಲಿ ಬೆತ್ತವಿಲ್ಲದೆ ಶಿಸ್ತನ್ನು ಕಲಿಸುವ ಬಗೆಗೆ ಇದನ್ನೇ ದೃಷ್ಟಾಂತವಾಗಿ ಹೇಳಿದ್ದೂ ಉಂಟು.

ಕೆಲವು ದಿನಗಳ ಮೇಲೆ, ದಾಸೋಹದಲ್ಲಿ ಎಡೆ ಮಾಡುವ ವೃದ್ಧರೊಬ್ಬರು ಸಂಕೋಚದಿಂದಲೇ ನಮಗೆ ನಡೆದುದನ್ನು ತಿಳಿಸಿದರು. ಆ ಬಾಲಕನ ತಾಯಿ ಮನೆಯನ್ನು ಬಿಟ್ಟು ಹೋಗಿದ್ದಳು. ಪೆಟ್ಟು ತಿಂದ ಜೊತೆಗಾರನು ವಾರವಿಡೀ ಆ ಮಾತನ್ನು ಎತ್ತಿ ಅವನನ್ನು ಹಂಗಿಸುತ್ತಿದ್ದನು. ಬಾಲಕನು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಹೇಳಬೇಕಾದರೆ ಆ ಮಾತನ್ನೇ ಬಾಯಿಂದ ಆಡಬೇಕಾಗಿತ್ತು. ನಾವು ‘ಏನಾಯಿತು ಮಗು’ ಎಂದು ಒಮ್ಮೆಯೂ ಕೇಳಿರಲಿಲ್ಲ. ಆಮೇಲೆ ಅವನು ಯಾರ ಮೇಲೂ ಸಿಟ್ಟಾಗಲಿಲ್ಲ. ಸುಧಾರಿಸಿದನೆಂದು ಶಿಕ್ಷಕರು ಹೇಳಿದರು. ಆದರೆ ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಉತ್ತರಿಸುವುದನ್ನೂ ಅವನು ನಿಲ್ಲಿಸಿದ್ದನು. ಪ್ರಾರ್ಥನೆಯಲ್ಲಿ ಆ ವಚನವು ಬಂದಾಗ ಅವನ ತುಟಿಗಳು ಅಲುಗುತ್ತಿರಲಿಲ್ಲ. ವರ್ಷದ ಕೊನೆಗೆ ಬಂಧುಗಳು ಬಂದು ಕರೆದುಕೊಂಡು ಹೋದರು.

ಶಿಕ್ಷೆಯಾಗಿ ಹೇಳಿಸಿದ ವಚನವು ಬೆತ್ತಕ್ಕಿಂತ ಬೇರೆಯಲ್ಲವೆಂಬುದು ನಮಗೆ ಅಂದಿನಿಂದ ತಿಳಿಯಿತು. ಬೆತ್ತದ ಬಾಸುಂಡೆ ಮಾಯುತ್ತದೆ. ಆ ಬಾಲಕನಿಗೆ ಬಸವಣ್ಣನವರ ಮಾತೇ ಬಾಸುಂಡೆಯಾಗಿ ಉಳಿಯಿತೋ ಏನೋ.

ಅಂದಿನಿಂದ ಆ ವಚನವನ್ನು ನಾವು ಹಲವು ಸಲ ಮನನ ಮಾಡಿದ್ದೇವೆ. ಬಲ್ಲವರು ನೀವೂ ಒಮ್ಮೆ ಅದನ್ನು ಮನಸ್ಸಿನಲ್ಲಿ ಹೇಳಿಕೊಂಡು ನೋಡಿರಿ. ಅದು ಪ್ರಶ್ನಿಸುವುದು ಯಾರನ್ನು? ಮೊದಲು ಮುನಿದವನನ್ನು ಅದು ಪ್ರಶ್ನಿಸುವುದಿಲ್ಲ. ತನ್ನ ಮೇಲೆ ಇನ್ನೊಬ್ಬನು ಮುನಿದಾಗ ತಾನೂ ತಿರುಗಿ ಮುನಿಯಹೊರಟವನನ್ನು ಅದು ಪ್ರಶ್ನಿಸುತ್ತದೆ. ಕೋಪದಿಂದ ಹಿರಿಯತನವು ಕೆಡುತ್ತದೆ, ಅರಿವು ಕೆಡುತ್ತದೆ ಎಂಬುದು ಅದರ ಎಚ್ಚರಿಕೆ. ಕೆಡಬೇಕಾದರೆ ಹಿರಿಯತನವಾಗಲಿ ಅರಿವಾಗಲಿ ಮೊದಲು ಇರಬೇಕಷ್ಟೆ. ಎಂಟು ವರ್ಷದ ಬಾಲಕನಲ್ಲಿ ಯಾವ ಹಿರಿಯತನ? ಆ ತರಗತಿಯಲ್ಲಿ ಹಿರಿಯತನವಿದ್ದುದು ಶಿಕ್ಷಕರಿಗೆ, ಅರಿವಿನ ಹೆಸರಿನಲ್ಲಿ ಕಾವಿಯನ್ನು ಉಟ್ಟಿದ್ದುದು ನಾವು. ಆ ವಚನವು ನಮಗೆ ಬಂದ ಪತ್ರವಾಗಿತ್ತು. ವಿಳಾಸವನ್ನು ಓದದೆ ಅದನ್ನು ಮಗುವಿನ ಕೈಯಲ್ಲಿ ಕೊಟ್ಟು ಹನ್ನೊಂದು ಸಲ ಓದಿಸಿದೆವು.

ಆದುದರಿಂದ ಮಗುವಿನ ಕೋಪದ ಎದುರಿನಲ್ಲಿ ಗುರುವಿನ ಮೊದಲನೆಯ ಧರ್ಮವೆಂದರೆ ತಾನು ಮುನಿಯದಿರುವುದು. ರೋಮಿನ ತತ್ತ್ವಜ್ಞಾನಿ ಸೆನೆಕನು ಕೋಪವನ್ನು ಕುರಿತು ಮೂರು ಭಾಗಗಳ ಗ್ರಂಥವನ್ನೇ ಬರೆದಿದ್ದಾನೆ. ಅದರಲ್ಲಿ ಪ್ಲೇಟೋವಿನ ಕಥೆಯೊಂದು ಬರುತ್ತದೆ. ಆಳನ್ನು ಹೊಡೆಯಲು ಕೈಯೆತ್ತಿದ ಪ್ಲೇಟೋ, ತನಗೆ ಕೋಪ ಬಂದಿದೆಯೆಂಬುದನ್ನು ಅರಿತು ಎತ್ತಿದ ಕೈಯನ್ನು ಹಾಗೆಯೇ ತಡೆದು ನಿಂತುಬಿಟ್ಟನಂತೆ. ಕೋಪದಲ್ಲಿರುವವನಿಗೆ ಇನ್ನೊಬ್ಬನನ್ನು ತಿದ್ದುವ ಅಧಿಕಾರವಿಲ್ಲ ಎಂಬುದು ಅದರ ತಾತ್ಪರ್ಯ. ನಮ್ಮ ಪ್ರತಿಯೊಬ್ಬ ಶಿಕ್ಷಕನೂ ಆ ಎತ್ತಿದ ಕೈಯನ್ನು ನೆನಪಿನಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸವಾದಂತೆ.

ಉಳಿದರ್ಧವು ತರಗತಿಯ ನಿತ್ಯವ್ಯವಹಾರಕ್ಕೆ ಸಂಬಂಧಿಸಿದುದು. ಅದನ್ನು ನಮ್ಮ ಅನುಭವಕ್ಕೆ ಬಂದ ಮಟ್ಟಿಗೆ ಹೇಳುತ್ತೇವೆ.

ಮೊದಲನೆಯದು ಹೊಟ್ಟೆಯ ವಿಚಾರ. ಬೆಳಗ್ಗೆ ಒಂದು ಲೋಟ ಚಹಾ ಕುಡಿದು ಶಾಲೆಗೆ ಬಂದ ಮಗುವಿನ ಹನ್ನೊಂದು ಗಂಟೆಯ ಸಿಟ್ಟಿಗೆ ಮನಃಶಾಸ್ತ್ರವನ್ನು ಹುಡುಕುವುದಕ್ಕೆ ಮುಂಚೆ ಅದರ ಹಸಿವನ್ನು ವಿಚಾರಿಸಬೇಕು. ನಿದ್ರೆಗೆಟ್ಟ ಮಗು, ಕಿವಿನೋವಿನ ಮಗು, ಹಲಗೆಯ ಮೇಲಿನ ಬರಹವು ಕಾಣಿಸದ ಮಗು, ಇವರೆಲ್ಲರ ದುಃಖವೂ ಹಠದ ರೂಪದಲ್ಲಿಯೇ ಹೊರಗೆ ಬರುತ್ತದೆ. 2002ರಲ್ಲಿ ನಮ್ಮ ರಾಜ್ಯದಲ್ಲಿ ಶಾಲಾಮಕ್ಕಳಿಗೆ ಬಿಸಿಯೂಟದ ಯೋಜನೆಯು ಆರಂಭವಾದಾಗ ಅದಕ್ಕೆ ‘ಅಕ್ಷರ ದಾಸೋಹ’ವೆಂಬ ಹೆಸರನ್ನು ಆರಿಸಿದವರು ಅರಿತೋ ಅರಿಯದೆಯೋ ಒಂದು ದೊಡ್ಡ ಸತ್ಯವನ್ನು ನುಡಿದರು. ಅನ್ನದಾಸೋಹವು ಮುಂದೆ, ಅಕ್ಷರವೂ ಉಪದೇಶವೂ ಅದರ ಹಿಂದೆ ಎಂಬುದನ್ನು ಮಠದಲ್ಲಿ ಉಂಡು ಬೆಳೆದ ನಿಮಗೆ ವಿವರಿಸಬೇಕಾಗಿಲ್ಲ.

ಎರಡನೆಯದು ಮಾತಿನ ವಿಚಾರ. ತನ್ನೊಳಗೆ ಏಳುವುದಕ್ಕೆ ಹೆಸರನ್ನು ಅರಿಯದ ಮಗುವು ಅದನ್ನು ಕೈಯಿಂದ ಹೇಳುತ್ತದೆ, ಕಾಲಿನಿಂದ ಹೇಳುತ್ತದೆ. ಹೆಸರು ದೊರೆತರೆ ಬಾಯಿಂದ ಹೇಳಬಲ್ಲುದು. ಅಮೆರಿಕೆಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಲೀಬರ್ಮನ್ ಮತ್ತು ಅವರ ಸಂಗಡಿಗರು ನಡೆಸಿ 2007ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರಲ್ಲಿ, ಮುಖದಲ್ಲಿ ಕಂಡ ಭಾವಕ್ಕೆ ಹೆಸರನ್ನು ಕೊಟ್ಟಾಗ ಮೆದುಳಿನಲ್ಲಿ ಭಯೋದ್ವೇಗಗಳಿಗೆ ಸಂಬಂಧಿಸಿದ ಭಾಗದ ಉದ್ರೇಕವು ತಗ್ಗಿದುದು ಕಂಡುಬಂತು. ಅದು ವಯಸ್ಕರ ಮೇಲೆ ಮಾಡಿದ ಪ್ರಯೋಗ. ಆದರೂ ಮಕ್ಕಳ ನಡುವೆ ಇರುವವರ ಅನುಭವಕ್ಕೆ ಅದು ವಿರೋಧವಾಗಿಲ್ಲ. ಭಾವಗಳ ಹೆಸರುಗಳ ವಿಷಯದಲ್ಲಿ ನಮ್ಮ ಕನ್ನಡಕ್ಕೆ ಬಡತನವಿಲ್ಲ. ಮುನಿಸು ನಮ್ಮವರೆಂದುಕೊಂಡವರ ಮೇಲೆ ಮಾತ್ರ ಬರುವಂಥದು. ರೋಷಕ್ಕೆ ಅಪಮಾನವು ಬೇರು. ಸೆಡವಿನಲ್ಲಿ ಅಭಿಮಾನದ ಅಂಶವುಂಟು. ದಿಗಿಲು ತಟ್ಟನೆ ಬರುತ್ತದೆ, ಅಳುಕು ಕೆಲಸದ ಮುಂಚೆ ಬರುತ್ತದೆ, ಕೊರಗು ಒಳಗೇ ಕುಳಿತು ದಿನಗಟ್ಟಲೆ ಸುಡುತ್ತದೆ. ಇವುಗಳನ್ನು ಕಥೆಯ ಮೂಲಕ, ಆಟದ ಮೂಲಕ ಮಕ್ಕಳಿಗೆ ಕಲಿಸಬಹುದು. ‘ಸಿಟ್ಟು ಬಂದೈತಿ’, ‘ಅಂಜಿಕಿ ಆಗತೈತಿ’, ‘ಬ್ಯಾಸರ ಆಗೈತಿ’ ಎಂದು ಮಗುವು ತನ್ನ ಮನೆಯ ಮಾತಿನಲ್ಲಿ ಹೇಳಿದರೆ ಅಲ್ಲಿ ಭಾಷೆಯನ್ನು ತಿದ್ದಬಾರದು. ತಾಂಡಾದಿಂದ ಬಂದ ಮಗುವಿಗೂ, ಉರ್ದು ಅಥವಾ ತೆಲುಗು ಮನೆಮಾತಾಗಿರುವ ಮಗುವಿಗೂ ಪಾಠದ ಕನ್ನಡವು ಬರುತ್ತಿದ್ದರೂ ದುಃಖದ ಕನ್ನಡವು ಬಾರದಿರಬಹುದೆಂಬುದನ್ನು ಶಿಕ್ಷಕರು ನೆನಪಿಡಬೇಕು.

ಮೂರನೆಯದು, ಸಿಟ್ಟು ಏರಿದ ಆ ಗಳಿಗೆಯಲ್ಲಿ ಮಾಡಬೇಕಾದುದು. ಮೊದಲು ಪೆಟ್ಟು ಬೀಳದಂತೆ ತಡೆಯಬೇಕು, ಬಿದ್ದಿದ್ದರೆ ನೊಂದ ಮಗುವನ್ನು ನೋಡಿಕೊಳ್ಳಬೇಕು. ಆಮೇಲೆ ಮುನಿದ ಮಗುವಿನ ಎತ್ತರಕ್ಕೆ ಬಗ್ಗಿ ಕುಳಿತು, ತಗ್ಗಿದ ಧ್ವನಿಯಲ್ಲಿ ಎರಡೇ ಮಾತನಾಡಬೇಕು. ‘ಏಕೆ ಹೀಗೆ ಮಾಡಿದೆ’ ಎಂಬ ಪ್ರಶ್ನೆಯು ಆಗ ನಿಷ್ಫಲ. ಏಕೆಂಬುದು ಮಗುವಿಗೇ ತಿಳಿದಿರುವುದಿಲ್ಲ. ಕುಡಿಯಲು ನೀರು, ಕಿಟಕಿಯ ಬಳಿ ಅಥವಾ ಮರದ ನೆರಳಿನಲ್ಲಿ ಶಿಕ್ಷಕರ ಕಣ್ಣಳತೆಯಲ್ಲಿಯೇ ಕುಳಿತುಕೊಳ್ಳಲು ಒಂದು ಜಾಗ, ಹತ್ತು ನಿಮಿಷದ ಕಾಲ—ಇಷ್ಟು ಸಾಕಾಗುತ್ತದೆ. ಉಸಿರನ್ನು ಮೆಲ್ಲಗೆ ಎಳೆದುಕೊಂಡು ಅದಕ್ಕಿಂತ ಮೆಲ್ಲಗೆ ಬಿಡುವುದನ್ನು ದಿನವೂ ಎಲ್ಲ ಮಕ್ಕಳಿಗೂ ಶಾಂತಸಮಯದಲ್ಲಿ ರೂಢಿ ಮಾಡಿಸಿದ್ದರೆ ಅದು ಈ ಗಳಿಗೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಬಿರುಗಾಳಿ ಎದ್ದ ಮೇಲೆ ಹಗ್ಗ ಹೊಸೆಯಲಾಗದು. ಕಣ್ಣುಮುಚ್ಚಿ ಕುಳಿತುಕೊಳ್ಳುವುದನ್ನಾಗಲಿ ಪ್ರಾರ್ಥನೆಯನ್ನಾಗಲಿ ಶಿಕ್ಷೆಯಾಗಿ ವಿಧಿಸಬಾರದೆಂಬುದನ್ನು ನಮ್ಮ ಅನುಭವವೇ ನಮಗೆ ಕಲಿಸಿದೆ.

ನಾಲ್ಕನೆಯದು ಮಿತಿಯ ವಿಚಾರ. ಸಿಟ್ಟು ಬರುವುದಕ್ಕೆ ಅಡ್ಡಿಯಿಲ್ಲ, ಹೊಡೆಯುವುದಕ್ಕೆ ಅಡ್ಡಿಯುಂಟು. ಈ ಭೇದವನ್ನು ಮಗುವು ಸ್ಪಷ್ಟವಾಗಿ ತಿಳಿಯಬೇಕು. ಮನಸ್ಸು ತಿಳಿಯಾದ ಮೇಲೆ ತಾನು ಕೆಡಿಸಿದುದನ್ನು ತಾನೇ ಸರಿಪಡಿಸುವ ಅವಕಾಶವನ್ನು ಅದಕ್ಕೆ ಕೊಡಬೇಕು. ಹರಿದ ಪುಸ್ತಕಕ್ಕೆ ಅಂಟು ಹಚ್ಚುವುದು, ಚೆಲ್ಲಿದುದನ್ನು ಬಳಿಯುವುದು, ಪೆಟ್ಟು ತಿಂದವನಿಗೆ ನೀರು ತಂದುಕೊಡುವುದು. ಕಾಯಕವೆಂಬ ಮಾತಿನ ಅರ್ಥವು ಮಗುವಿಗೆ ಇಲ್ಲಿಯೇ ಆರಂಭವಾಗುತ್ತದೆ. ಬಲವಂತದಿಂದ ಹೇಳಿಸಿದ ‘ತಪ್ಪಾಯಿತು’ ಎಂಬ ಮಾತಿಗಿಂತ ಕೈಯಾರೆ ಮಾಡಿದ ಈ ಸಣ್ಣ ಕೆಲಸವು ಹೆಚ್ಚಿನದು.

ಸಿಟ್ಟಿನ ಮಗುವು ಎಲ್ಲರ ಕಣ್ಣಿಗೆ ಬೀಳುತ್ತದೆ. ಆದರೆ ಹಿಂದಿನ ಸಾಲಿನಲ್ಲಿ ಮಾತಿಲ್ಲದೆ ಕುಳಿತ ಮಗುವು ಯಾರ ಕಣ್ಣಿಗೂ ಬೀಳುವುದಿಲ್ಲ. ಭಯವೂ ಶೋಕವೂ ಶಿಸ್ತಿನ ವೇಷವನ್ನು ಹಾಕಿಕೊಂಡು ಕುಳಿತಿರುತ್ತವೆ. ಅಜ್ಜಿ ತೀರಿಹೋದ ಮಗುವಿಗೆ ‘ಅಳಬೇಡ, ಜಾಣ’ ಎಂದು ಹೇಳಿ ಪಾಠಕ್ಕೆ ತೊಡಗುವುದಕ್ಕಿಂತ, ಅಜ್ಜಿಯ ವಿಷಯವನ್ನು ಎರಡು ಮಾತು ಕೇಳಿ ಅಳಲು ಬಿಡುವುದು ಲೇಸು. ಮತ್ಸರವನ್ನಂತೂ ಎಷ್ಟೋ ಸಲ ನಾವೇ ಬಿತ್ತುತ್ತೇವೆ. ಒಂದು ಮಗುವಿನ ಅಂಕಗಳನ್ನು ಇನ್ನೊಂದು ಮಗುವಿನ ಮುಖಕ್ಕೆ ಹಿಡಿದು ನಾಚಿಸಿದವರು ಆಮೇಲೆ ಅಸೂಯೆಯ ಕೆಡುಕನ್ನು ಕುರಿತು ನೀತಿಪಾಠ ಹೇಳುವುದು ವಿಚಿತ್ರವಾದ ವ್ಯವಹಾರ. ಮಗುವಿನ ಮೌನ, ಭಯ ಅಥವಾ ಕೋಪವು ವಾರಗಟ್ಟಲೆ ಮುಂದುವರಿದರೆ, ಅಥವಾ ಚೆನ್ನಾಗಿದ್ದ ಮಗುವು ಒಮ್ಮೆಲೇ ಬದಲಾದರೆ, ಅದರ ಹಿಂದೆ ಮನೆಯಲ್ಲಿಯೋ ವಸತಿನಿಲಯದಲ್ಲಿಯೋ ದಾರಿಯಲ್ಲಿಯೋ ನಡೆಯುತ್ತಿರುವ ಹಿಂಸೆಯಿರಬಹುದು. ಆಗ ವೈದ್ಯರ ಸಲಹೆಯನ್ನೂ ಅಗತ್ಯವಾದರೆ 1098 ಎಂಬ ಮಕ್ಕಳ ಸಹಾಯವಾಣಿಯ ನೆರವನ್ನೂ ಪಡೆಯಲು ಸಂಸ್ಥೆಯ ಮರ್ಯಾದೆಯ ವಿಚಾರವು ಅಡ್ಡ ಬರಬಾರದು. ಈ ಮಾತು ಮಠದ ಸಂಸ್ಥೆಗಳಿಗೂ ಅನ್ವಯಿಸುತ್ತದೆ.

ಇಷ್ಟನ್ನು ಓದಿದ ಹಿರಿಯರಲ್ಲಿ ಕೆಲವರು, ವಿಶೇಷವಾಗಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು, ಒಂದು ಆಕ್ಷೇಪವನ್ನು ಎತ್ತಬಹುದು. “ನಾವು ಪೆಟ್ಟು ತಿಂದೇ ಕಲಿತೆವು; ಅದರಿಂದಲೇ ಮನುಷ್ಯರಾದೆವು” ಎಂಬ ಮಾತನ್ನು ಪ್ರತಿ ವರ್ಷದ ಸಮ್ಮೇಳನದಲ್ಲಿಯೂ ನಾವು ಕೇಳುತ್ತೇವೆ. ಹೇಳುವವರ ಗುರುಭಕ್ತಿಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಸಮ್ಮೇಳನಕ್ಕೆ ಬಂದು ಹಾಗೆ ಹೇಳುವವರು ಪೆಟ್ಟನ್ನು ತಾಳಿಕೊಂಡು ಉಳಿದವರು. ತಾಳಲಾರದೆ ನಾಲ್ಕನೆಯ ಇಯತ್ತೆಯಲ್ಲಿಯೇ ಶಾಲೆಯನ್ನು ಬಿಟ್ಟು ದನ ಕಾಯಲು ಹೋದವರು ಆ ವೇದಿಕೆಯನ್ನು ಹತ್ತುವುದಿಲ್ಲ, ಅವರ ಸಾಕ್ಷ್ಯವನ್ನು ಯಾರೂ ಕೇಳುವುದಿಲ್ಲ. ಅಲ್ಲದೆ, ನಿಮ್ಮನ್ನು ಮನುಷ್ಯರನ್ನಾಗಿ ಮಾಡಿದುದು ಆ ಪೆಟ್ಟೇ ಅಥವಾ ಪೆಟ್ಟಿನ ಹಿಂದೆ ಇದ್ದ ಮಮತೆಯೇ ಎಂಬುದನ್ನು ಏಕಾಂತದಲ್ಲಿ ವಿಚಾರಿಸಿಕೊಳ್ಳಿರಿ. ಮಮತೆಯೆಂದಾದರೆ, ಪೆಟ್ಟನ್ನು ಬಿಟ್ಟು ಅದೊಂದನ್ನೇ ಮುಂದಿನವರಿಗೆ ಕೊಡಬಹುದಲ್ಲ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರವನ್ನು ತೆರೆದು, ಹೆದರಿಕೆಯಿಲ್ಲದೆ ಮಕ್ಕಳು ಕಲಿಯಬಲ್ಲರೆಂಬುದನ್ನು ತೋರಿಸಿಕೊಟ್ಟರು. ಜನರು ಅವರನ್ನು ‘ಮೀಸೆಯುಳ್ಳ ತಾಯಿ’ ಎಂದು ಕರೆದರು. ಗುರುವಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕೆ? ಈಗಂತೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನು ಮಾತ್ರವಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನಾವು ಅಂದು ಮಾಡಿದುದು ಈ ಎರಡನೆಯದರಲ್ಲಿ ಸೇರುತ್ತದೆ.

ಮತ್ತೊಂದು ಮಾತು. ಮಗುವಿನ ಎಲ್ಲ ಕೋಪವನ್ನೂ ಶಮನಗೊಳಿಸಲೇಬೇಕೆಂಬ ಆತುರವೂ ಸಲ್ಲದು. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣದಲ್ಲಿ ಬಾಲಕ ಬಸವಣ್ಣನು ಉಪನಯನವನ್ನು ಒಲ್ಲೆನೆಂದ ಪ್ರಸಂಗವು ನಿಮಗೆಲ್ಲ ಪರಿಚಿತ. ಆ ವಯಸ್ಸಿನ ಮಕ್ಕಳು ಇಂದು ನಮ್ಮ ಪ್ರಾಥಮಿಕ ಶಾಲೆಗಳ ಬೆಂಚುಗಳ ಮೇಲೆ ಕುಳಿತಿದ್ದಾರೆ. ಅಂದು ಆ ಮನೆಯ ಹಿರಿಯರಿಗೆ ಅದು ಹಠವಾಗಿಯೇ ತೋರಿರಬೇಕು. ಜೊತೆಗಾರನ ಜಾತಿಯನ್ನು ಯಾರಾದರೂ ಹೀಯಾಳಿಸಿದಾಗ, ಬಲಹೀನನನ್ನು ಹೊಡೆದಾಗ, ಶಿಕ್ಷಕರೇ ಪಕ್ಷಪಾತ ಮಾಡಿದಾಗ ಮಗುವಿಗೆ ಬರುವ ಸಿಟ್ಟು ಅದರ ನ್ಯಾಯಬುದ್ಧಿಯು ಜೀವಂತವಾಗಿದೆಯೆಂಬುದಕ್ಕೆ ಗುರುತು. ಅದನ್ನು ಆರಿಸಿದರೆ ನಾಳೆ ಅನ್ಯಾಯವನ್ನು ಕಂಡು ಸುಮ್ಮನಿರುವ ಪ್ರಜೆಯನ್ನು ತಯಾರಿಸಿದಂತಾಗುತ್ತದೆ. ಅದಕ್ಕೆ ಹೊಡೆಯದ ದಾರಿಯನ್ನು, ಮಾತಿನ ದಾರಿಯನ್ನು ತೋರಿಸುವುದೇ ಗುರುವಿನ ಕೆಲಸ.

ಇಷ್ಟೆಲ್ಲವನ್ನೂ ಶಿಕ್ಷಕರಿಂದ ಅಪೇಕ್ಷಿಸುವಾಗ ಅವರ ಕಡೆಗೂ ನೋಡುವುದು ನ್ಯಾಯ. ಅದೇ ಕಾಯಿದೆಯು ಕಿರಿಯ ಪ್ರಾಥಮಿಕ ತರಗತಿಗಳಿಗೆ ಸಾಮಾನ್ಯವಾಗಿ 30 ಮಕ್ಕಳಿಗೆ ಒಬ್ಬ ಶಿಕ್ಷಕನೆಂಬ ಪ್ರಮಾಣವನ್ನು ಹಾಕಿಕೊಟ್ಟಿದೆ. ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು, ದಾಖಲೆಗಳನ್ನು ಬರೆಯುತ್ತ, ಗಣತಿಗೂ ಚುನಾವಣೆಗೂ ಓಡಾಡುತ್ತ, ತನ್ನ ಮನೆಯ ಚಿಂತೆಯನ್ನೂ ಹೊತ್ತುಕೊಂಡ ಶಿಕ್ಷಕಿಯು ಸಮಾಧಾನವನ್ನು ಎಲ್ಲಿಂದ ತರಬೇಕು? ಮಗುವು ಗುರುವಿನಿಂದ ಎರವಲು ಪಡೆಯುವಂತೆ ಗುರುವಿಗೂ ಎಲ್ಲಿಂದಲಾದರೂ ದೊರೆಯಬೇಕು. ಸಂಸ್ಥೆಯನ್ನು ನಡೆಸುವವರು ಶಿಕ್ಷಕರನ್ನು ಎಲ್ಲರೆದುರಿಗೆ ಗದರಿಸಿದರೆ, ಆ ಗದರಿಕೆಯು ಮಧ್ಯಾಹ್ನದೊಳಗೆ ಯಾವುದೋ ಒಂದು ಮಗುವಿನ ಬೆನ್ನಿಗೆ ಬಂದು ತಲಪುತ್ತದೆ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರ ಜುಲೈ ತಿಂಗಳಲ್ಲಿ 8ನೆಯ ತರಗತಿಯವರೆಗಿನ ಮಕ್ಕಳಿಗೆ ‘ಹ್ಯಾಪಿನೆಸ್’ ಎಂಬ ಪಠ್ಯಕ್ರಮವನ್ನು ಪರೀಕ್ಷೆಯಿಲ್ಲದ ವಿಷಯವಾಗಿ ಆರಂಭಿಸಿದರು. ಪ್ರಯತ್ನವು ಸ್ತುತ್ಯ. ಆದರೆ ಗುರುವಿನ ಮುಖದಲ್ಲಿ ಇಲ್ಲದುದನ್ನು ಯಾವ ಪಠ್ಯಕ್ರಮವೂ ಮಗುವಿಗೆ ಕಲಿಸಲಾರದು. ಒಮ್ಮೆ ಕೋಪಕ್ಕೆ ವಶವಾಗಿ ಮಾತು ಮೀರಿದ ಗುರುವು ಮರುದಿನ ಮಕ್ಕಳೆದುರು ‘ನಿನ್ನೆ ನನಗೆ ಸಿಟ್ಟು ಬಂದಿತ್ತು, ಹಾಗೆ ಹೇಳಬಾರದಿತ್ತು’ ಎಂದರೆ ಅವನ ಗೌರವವು ಕುಂದುವುದಿಲ್ಲ. ಕೋಪವು ಬಂದು ಹೋಗುವಂಥದು, ಅದರ ಆಚೆಗೂ ಪ್ರೀತಿಯುಳಿಯುತ್ತದೆ ಎಂಬುದನ್ನು ಮಕ್ಕಳು ಅಂದು ಕಣ್ಣಾರೆ ಕಾಣುತ್ತಾರೆ.

ಈ ಮಾತನ್ನು ಬರೆದ ಮೇಲೆ ನಾವು ಅದರಂತೆ ನಡೆಯದಿದ್ದರೆ ಬರೆದುದು ವ್ಯರ್ಥವಾಗುತ್ತದೆ. ಅಂದು ಪ್ರಾರ್ಥನೆಯ ಅಂಗಳದಲ್ಲಿ ನಿಂತು ಹನ್ನೊಂದು ಸಲ ವಚನವನ್ನು ಹೇಳಿದ ಬಾಲಕನು ಈಗ ಎಲ್ಲಿರುವನೋ ತಿಳಿಯದು. ಅವನಿಗೂ ಮಕ್ಕಳಿರಬಹುದು. ಈ ಪತ್ರಿಕೆಯು ಹಳೆಯ ವಿದ್ಯಾರ್ಥಿಗಳ ಮನೆಗಳಿಗೆ ಹೋಗುತ್ತದೆಯಾದುದರಿಂದ ಯಾರ ಕೈಯಿಂದಲಾದರೂ ಅವನ ಕೈಯನ್ನು ಸೇರಿದರೆ, ಅವನಿಗೆ ನಾವು ಹೇಳಬೇಕಾದುದಿಷ್ಟು: ಮಗು, ನಾವು ಕೇಳಬೇಕಾಗಿದ್ದ ಮಾತನ್ನು ಕೇಳಲಿಲ್ಲ. ತಪ್ಪು ನಮ್ಮದು. ಮಠದ ಬಾಗಿಲು ನಿನಗೆ ತೆರೆದಿದೆ. ಬಂದರೆ ದಾಸೋಹದಲ್ಲಿ ಪಕ್ಕದಲ್ಲಿ ಕುಳಿತು ಪ್ರಸಾದ ಸ್ವೀಕರಿಸೋಣ. ಬರಲು ಮನಸ್ಸಿಲ್ಲದಿದ್ದರೆ ಆ ಮುನಿಸೂ ನಿನ್ನ ಹಕ್ಕು.

ವಾಚಕರಾದ ನಿಮ್ಮಲ್ಲಿ ಎಷ್ಟೋ ಮಂದಿ ಶಿಕ್ಷಕರು, ಎಷ್ಟೋ ಮಂದಿ ತಂದೆತಾಯಂದಿರು. ಇಂದು ಸಂಜೆಯೋ ನಾಳೆ ಮುಂಜಾನೆಯೋ ಒಂದು ಮಗುವು ನಿಮ್ಮೆದುರಿನಲ್ಲಿ ಮುನಿದು ನಿಲ್ಲುವುದು ಖಂಡಿತ. ಆಗ ನಿಮ್ಮ ಕೈಯನ್ನು ತಡೆದು, ಧ್ವನಿಯನ್ನು ತಗ್ಗಿಸಿ, ‘ಏನಾಯಿತು’ ಎಂದು ಕೇಳುವ ತಾಳ್ಮೆಯನ್ನು ಗುರುಕರುಣೆಯು ನಿಮಗೂ ನಮಗೂ ದಯಪಾಲಿಸಲಿ ಎಂದು ಹಾರೈಸುತ್ತೇವೆ.